ಅತ್ತೆ-ಮಾವನ ಜೊತೆ ಚಿಕಾಗೋ, ನಡುವೆ ಒಂದು ಬೇಸ್‌ಬಾಲ್ ಮ್ಯಾಚ್: ಪ್ಲ್ಯಾನ್ ಸರಿ ಇದೆಯಾ ನೋಡಿ

ಹಾಸನದ ಸೊಸೆ, ಇಂಡಿಯಾನಾಪೊಲಿಸ್

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ-ಮಾವ ಮೇ ತಿಂಗಳಲ್ಲಿ ಹಾಸನದಿಂದ ಬರುತ್ತಿದ್ದಾರೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಮಗನಿಗೆ ಚಿಕಾಗೋ ಕಬ್ಸ್ ಬೇಸ್‌ಬಾಲ್ ತಂಡದ ಹುಚ್ಚು. ತಾತನನ್ನು ಕಬ್ಸ್ ತವರು ಮೈದಾನ ರಿಗ್ಲಿ ಫೀಲ್ಡ್‌ಗೆ ಕರೆದುಕೊಂಡು ಹೋಗಲೇಬೇಕು ಅಂತ ಚಳಿಗಾಲದಿಂದ ಒಂದೇ ಸಮನೆ ಕುಟುಕುತ್ತಿದ್ದಾನೆ. ಮಾವ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು, ಈಗ ರಿಟೈರ್ಡ್. ಟೆಸ್ಟ್ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ ಅವರಿಗೆ. ಅತ್ತೆಗೆ ಮೊಣಕಾಲು ನೋವು, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ.

ಯೋಚನೆ ಹೀಗಿದೆ. ಜುಲೈ ಎರಡನೇ ವಾರ, ಶುಕ್ರವಾರ ಬೆಳಿಗ್ಗೆ ಕಾರಲ್ಲಿ ಹೊರಟು ಸಂಜೆ ಮ್ಯಾಚ್. ಶನಿವಾರ ಶೆಡ್ ಅಕ್ವೇರಿಯಂ, ಫೀಲ್ಡ್ ಮ್ಯೂಸಿಯಂ, ಬೀನ್ (ಕನ್ನಡಿಯಂತೆ ಹೊಳೆಯುವ ಆ ದೊಡ್ಡ ಉಕ್ಕಿನ ಶಿಲ್ಪ), ನದಿಯಲ್ಲಿ ಬೋಟ್ ಟೂರ್. ಭಾನುವಾರ ವಿಲಿಸ್ ಟವರ್, ಭಾರತೀಯ ಅಂಗಡಿಗಳ ಬೀದಿ ಡೆವಾನ್ ಅವೆನ್ಯೂ, ಲೆಮಾಂಟ್ ದೇವಸ್ಥಾನ, ರಾತ್ರಿ ವಾಪಸ್. ಜಾಸ್ತಿ ಆಯಿತಾ? ಸೀಟು ಎಲ್ಲಿ ತೆಗೆದುಕೊಳ್ಳಲಿ? ಮುಖ್ಯವಾಗಿ, ಮಾವನಿಗೆ ಬೋರ್ ಆದರೆ ಏನು ಮಾಡುವುದು? ಅವರು ಬಾಯಿಬಿಟ್ಟು ಹೇಳುವವರಲ್ಲ. ಸುಮ್ನೆ ಕೂತು ಆಕಳಿಸುತ್ತಾರೆ, ಅದನ್ನು ನೋಡಿ ಮಗ ಅಳುತ್ತಾನೆ, ಮಿಕ್ಕಿದ್ದೆಲ್ಲ ನನ್ನ ತಲೆಗೆ.

ಕ್ಲಾರ್ಕ್ ಸ್ಟ್ರೀಟ್ ಕನ್ನಡಿಗ

ಮೇಡಂ, ಹೋಟೆಲು ಗೀಟಲು ಎಲ್ಲ ಆಮೇಲೆ. ಮೊದಲು ಆ ಸೀಸನ್ನಿನ ವೇಳಾಪಟ್ಟಿ ತೆಗೆದು ನೋಡಿ. ಒಂದು ತಂಡ ಸೀಸನ್ನಿಗೆ 162 ಮ್ಯಾಚ್ ಆಡುತ್ತದೆ. ತವರಲ್ಲಿ ಆಡುವುದು 81 ಮಾತ್ರ. ಅಂದರೆ ನೀವು ಸುಮ್ನೆ ಒಂದು ವಾರಾಂತ್ಯ ಆರಿಸಿದರೆ ಕಬ್ಸ್ ಊರಲ್ಲೇ ಇಲ್ಲದಿರುವ ಸಾಧ್ಯತೆ ಅರ್ಧಕ್ಕರ್ಧ. ಜೊತೆಗೆ ಜುಲೈ ಮಧ್ಯದಲ್ಲಿ ಆಲ್‌ಸ್ಟಾರ್ ಬಿಡುವು (ಎಲ್ಲ ತಂಡಗಳಿಂದ ಆರಿಸಿದವರ ಪ್ರದರ್ಶನ ಪಂದ್ಯಕ್ಕೆ) ಇರುತ್ತದೆ, ಆ ವಾರದ ಮೊದಲ ಮೂರ್ನಾಲ್ಕು ದಿನ ಸಾಮಾನ್ಯವಾಗಿ ಯಾವ ತಂಡದ ಮಾಮೂಲಿ ಮ್ಯಾಚೂ ಇರುವುದಿಲ್ಲ.

ಎರಡನೆಯದು, ಶುಕ್ರವಾರ ಸಂಜೆ ಮ್ಯಾಚ್ ಅಂದಿರಿ. ರಿಗ್ಲಿಯಲ್ಲಿ ಶುಕ್ರವಾರದ ಮ್ಯಾಚ್ ಬಹುಪಾಲು ಮಧ್ಯಾಹ್ನ 1:20ಕ್ಕೆ. ಅದು ಮನೆಗಳ ನಡುವೆ ಇರುವ ಮೈದಾನ. ರಾತ್ರಿ ಮ್ಯಾಚ್ ಎಷ್ಟು ಆಡಬಹುದು, ಯಾವ ದಿನ ಆಡಬಹುದು ಅನ್ನುವುದಕ್ಕೆ ನಗರದ ಕಟ್ಟುಪಾಡು ಇದೆ. ಮೈದಾನ ಶುರುವಾದದ್ದು 1914ರಲ್ಲಿ, ಲೈಟು ಹಾಕಿದ್ದು 1988ರಲ್ಲಿ! ಆಗಸ್ಟ್ 8ಕ್ಕೆ ಮೊದಲ ರಾತ್ರಿ ಮ್ಯಾಚ್ ಅಂತ ಊರೆಲ್ಲ ಸೇರಿತ್ತು, ಮಳೆ ಬಂದು ಅರ್ಧಕ್ಕೆ ನಿಂತುಹೋಯಿತು. ಲೆಕ್ಕಕ್ಕೆ ಸಿಕ್ಕಿದ್ದು ಮರುದಿನದ್ದು.

ಹಾಸನದ ಸೊಸೆ

ಅಯ್ಯೋ, ಈ ಆಲ್‌ಸ್ಟಾರ್ ವಿಷಯ ಮಗನೂ ಹೇಳಲಿಲ್ಲ ನೋಡಿ. ಜುಲೈ ಕೊನೆಗೆ ಹಾಕಿಕೊಳ್ಳೋಣ ಅಂದರೆ ನಮ್ಮ ಕಡೆ ಆಗಸ್ಟ್ ಶುರುವಿನಲ್ಲೇ ಶಾಲೆ ಬಾಗಿಲು ತೆಗೆಯುತ್ತದೆ, ಅದಕ್ಕೆ ಮೊದಲೇ ಓಡಾಟ ಇರುತ್ತದೆ.

ಕ್ಲಾರ್ಕ್ ಸ್ಟ್ರೀಟ್ ಕನ್ನಡಿಗ

ಆ ಸಮಯ ಬೇಡವೇ ಬೇಡ. ಜುಲೈ ಕೊನೆ ಆಗಸ್ಟ್ ಮೊದಲಿಗೆ ಗ್ರಾಂಟ್ ಪಾರ್ಕಿನಲ್ಲಿ ಲಾಲಾಪಲೂಜಾ ಸಂಗೀತ ಹಬ್ಬ ಇರುತ್ತದೆ. ನಾಲ್ಕು ದಿನ ಊರು ತುಂಬ ಯುವಕರ ದಂಡು, ಡೌನ್‌ಟೌನ್ ಹೋಟೆಲ್ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಜೂನ್ ಮಧ್ಯ ನೋಡಿ. ಗೋಡೆಯ ಐವಿ ಬಳ್ಳಿ ಹಸಿರಾಗಿರುತ್ತದೆ, ಸೆಖೆ ವಿಪರೀತ ಇರುವುದಿಲ್ಲ. ಏಪ್ರಿಲ್‌ನಲ್ಲಿ ಬಂದವರಿಗೆ ಬರೀ ಕಂದು ಕಡ್ಡಿ ದರ್ಶನ.

ಸಿನ್ಸಿನಾಟಿ ಶಾನುಭೋಗ

ನಡುವೆ ಬಾಯಿ ಹಾಕುತ್ತೇನೆ, ಬೈಯಬೇಡಿ. ಇಂಡಿಯಾನಾಪೊಲಿಸ್‌ನಲ್ಲಿ ಕೂತು ಚಿಕಾಗೋ ಯಾಕೆ? ಸಿನ್ಸಿನಾಟಿ ಎರಡು ಗಂಟೆಯೊಳಗೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮ್ಯಾಚ್ ಮುಗಿಸಿ ರಾತ್ರಿ ನಿಮ್ಮ ಮನೆಯ ಹಾಸಿಗೆಯಲ್ಲೇ ಮಲಗಬಹುದು. ಹೋಟೆಲ್ ಖರ್ಚಿಲ್ಲ, ಅತ್ತೆಗೆ ಹೊಸ ಜಾಗದ ರಗಳೆಯಿಲ್ಲ. ಮೊದಲ ವೃತ್ತಿಪರ ಬೇಸ್‌ಬಾಲ್ ತಂಡ ಹುಟ್ಟಿದ್ದೇ ಇಲ್ಲಿ, 1869ರಲ್ಲಿ. ಮೈದಾನದಿಂದ ನಡೆಯುವ ದೂರದಲ್ಲಿ ಓಹಾಯೋ ನದಿ ಮೇಲೆ ರೋಬ್ಲಿಂಗ್ ತೂಗುಸೇತುವೆ ಇದೆ. ಬ್ರೂಕ್ಲಿನ್ ಸೇತುವೆಯ ವಿನ್ಯಾಸ ಮಾಡಿದ ಅದೇ ರೋಬ್ಲಿಂಗ್ ಅದಕ್ಕಿಂತ ಮೊದಲು ಕಟ್ಟಿಸಿದ್ದು ಇದು. ಇಂಜಿನಿಯರ್ ಮಾವನವರು ಅರ್ಧ ಗಂಟೆ ಕೇಬಲ್ ನೋಡುತ್ತ ನಿಲ್ಲದಿದ್ದರೆ ಕೇಳಿ.

ಹಾಸನದ ಸೊಸೆ

ಶಾನುಭೋಗರೇ, ಸೇತುವೆ ವಿಷಯ ಮಾವನಿಗೆ ಹೇಳಿದೆ, ಆಗಲೇ ಗೂಗಲ್ ಮಾಡುತ್ತಿದ್ದಾರೆ. ಆದರೆ ಮಗನ ಮುಂದೆ ನಿಮ್ಮೂರಿನ ತಂಡ ರೆಡ್ಸ್ ಹೆಸರೆತ್ತಿದರೆ ಊಟ ಬಿಡುತ್ತಾನೆ. ಸೇತುವೆಗೆ ಬೇರೆ ದಿನ ಬರುತ್ತೇವೆ.

ಬಯಲುಸೀಮೆ ಭಟ್ಟ

ನನ್ನದೊಂದು ಮಾತು. ನೇರವಾಗಿ ರಿಗ್ಲಿಗೆ ಹೋಗಬೇಡಿ. ಮೊದಲು ನಿಮ್ಮ ಊರಿನ ವಿಕ್ಟರಿ ಫೀಲ್ಡ್‌ಗೆ ಒಂದು ಸಂಜೆ ಕರೆದುಕೊಂಡು ಹೋಗಿ. ಇಂಡಿಯಾನಾಪೊಲಿಸ್ ಇಂಡಿಯನ್ಸ್, ಟ್ರಿಪಲ್ ಎ ತಂಡ, ಅಂದರೆ ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗೆ, ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕೆಳಗಿನದು. ಔಟ್‌ಫೀಲ್ಡ್ ಆಚೆ ಹುಲ್ಲಿನ ದಿಣ್ಣೆ ಇದೆ, ಅಲ್ಲಿ ಕಂಬಳಿ ಹಾಸಿ ಕೂರಬಹುದು. ಟಿಕೆಟ್ ಅಗ್ಗ. ಮಗಳು ಉರುಳಾಡಿಕೊಂಡಿರುತ್ತಾಳೆ, ಅತ್ತೆ ಬೇಕಾದರೆ ಎದ್ದು ಒಂದು ಸುತ್ತು ಹಾಕುತ್ತಾರೆ, ಮಾವನಿಗೆ ಆಟದ ತಲೆಬುಡ ಗೊತ್ತಾಗುತ್ತದೆ. ಹಿಡಿಸಲಿಲ್ಲ ಅಂದರೆ ಐದನೇ ಇನಿಂಗ್ಸ್‌ಗೆ ಎದ್ದು ಮನೆಗೆ ಬಂದರಾಯಿತು, ದುಡ್ಡು ಹೋಯಿತು ಅನ್ನುವ ಸಂಕಟ ಇಲ್ಲ. ಹಿಡಿಸಿತು ಅಂದರೆ ಚಿಕಾಗೋದಲ್ಲಿ ಅವರೇ ನಿಮಗೆ ಹೇಳಿಕೊಡುತ್ತಾರೆ.

ದೊಡ್ಡ ಮೈದಾನದಲ್ಲಿ ಗದ್ದಲ, ದುಬಾರಿ ಟಿಕೆಟ್, ಹೊಸ ಊರು, ಗೊತ್ತಿಲ್ಲದ ಆಟ ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದರೆ ಎಪ್ಪತ್ತು ದಾಟಿದವರಿಗೆ ಖುಷಿ ಪಡಲು ಶಕ್ತಿ ಉಳಿಯುವುದಿಲ್ಲ.

ಮೂರನೇ ಬೇಸ್ ಮಾಲಿನಿ

ಭಟ್ಟರ ಮಾತಿಗೆ ನನ್ನ ಓಟು. ಸೀಟಿನ ವಿಷಯ ನಾನು ಹೇಳುತ್ತೇನೆ, ನಮ್ಮಮ್ಮನಿಗೂ ಮೊಣಕಾಲು.

ಬ್ಲೀಚರ್ಸ್ ಕಡೆ ತಿರುಗಿಯೂ ನೋಡಬೇಡಿ. ಫೋಟೋದಲ್ಲಿ ಚೆಂದ. ಬೆನ್ನಿಗೆ ಆಸರೆ ಇಲ್ಲದ ಬೆಂಚು, ಗೊತ್ತುಪಡಿಸಿದ ಸೀಟಿಲ್ಲ, ನೆತ್ತಿ ಮೇಲೆ ಬಿಸಿಲು, ಸುತ್ತ ಬಿಯರ್ ಹಿಡಿದ ಹುಡುಗರು. ಹುಡುಗರಾಗಿದ್ದಾಗ ಸರಿ. 300ರ ನಂಬರಿನ ಸೀಟು ಮೇಲಿನ ಅಂತಸ್ತು, ಅಗ್ಗ, ನೋಟ ಚೆನ್ನ, ಆದರೆ ಅಲ್ಲಿಗೆ ಹತ್ತಬೇಕು, ಮೆಟ್ಟಿಲು ಕಡಿದು. ನಿಮಗೆ ಬೇಕಾದದ್ದು 200ರ ಸೀಟು. ತಲೆ ಮೇಲೆ ಮೇಲಿನ ಅಂತಸ್ತೇ ಚಾವಣಿ, ನೆರಳು ಸಿಗುತ್ತದೆ, ಸಣ್ಣ ಮಳೆ ಬಂದರೂ ತೊಂದರೆ ಇಲ್ಲ.

ಅಲ್ಲೇ ಒಂದು ಗುಟ್ಟಿದೆ. ಹಳೇ ಕಾಲದ ಕಟ್ಟಡ, ಚಾವಣಿ ಹೊರಲು ಕಂಬಗಳಿವೆ. ಕಂಬದ ಹಿಂದಿನ ಸೀಟು ಸಿಕ್ಕಿತೋ, ಎಸೆಯುವವನು ಕಾಣುತ್ತಾನೆ, ಹೊಡೆಯುವವನು ಕಾಣುವುದಿಲ್ಲ. ಟಿಕೆಟ್ ತೆಗೆಯುವಾಗ ನೋಟಕ್ಕೆ ಅಡ್ಡಿ ಅಂತ ಬರೆದಿದೆಯಾ ನೋಡಿ, ಆ ಸೀಟಿನಿಂದ ತೆಗೆದ ಫೋಟೋ ಹಾಕಿರುವ ಸೈಟುಗಳಿವೆ, ಅವನ್ನೂ ನೋಡಿ. ತೀರಾ ಹಿಂದಿನ ಸಾಲಲ್ಲಿ ಕೂತರೆ ಎತ್ತರಕ್ಕೆ ಹೋದ ಚೆಂಡು ಚಾವಣಿ ಅಡ್ಡ ಬಂದು ಮರೆಯಾಗುತ್ತದೆ. ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ. ನಾಲ್ಕು ವರ್ಷದ ಮಗು ಎಷ್ಟು ಸಲ ಬಾತ್‌ರೂಮ್ ಅನ್ನುತ್ತದೆ ನಿಮಗೇ ಗೊತ್ತು.

ಡೆವಾನ್ ದೋಸೆ

ಟಿಕೆಟ್ ಬಗ್ಗೆ ನಾನೂ ಸೇರಿಸುತ್ತೇನೆ. ಕಾಗದದ ಟಿಕೆಟ್ ಕಾಲ ಹೋಯಿತು, ಎಲ್ಲ ಫೋನಲ್ಲೇ, ಎಂಎಲ್‌ಬಿ (ಮೇಜರ್ ಲೀಗ್ ಬೇಸ್‌ಬಾಲ್) ಬಾಲ್‌ಪಾರ್ಕ್ ಆಪ್ ಹಾಕಿಕೊಳ್ಳಿ. ಎದುರಾಳಿ ಯಾರು, ಯಾವ ವಾರ ಅಂತ ನೋಡಿ ಬೆಲೆ ಏರಿಳಿಯುತ್ತದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬಂದರೆ ಅಥವಾ ಚಿಕಾಗೋದ್ದೇ ಇನ್ನೊಂದು ತಂಡ ವೈಟ್ ಸಾಕ್ಸ್ ಬಂದರೆ ಬೆಲೆ ಮೇಲೆ, ಜನ ಜಾಸ್ತಿ. ವಾರದ ನಡುವಿನ ಮಧ್ಯಾಹ್ನದ ಮ್ಯಾಚ್ ಅಗ್ಗಕ್ಕೆ ಸಿಗುತ್ತದೆ. ನನಗೆ ಒಂದು ಮರುಮಾರಾಟದ ಸೈಟಿನವರು ಮೊದಲು ಒಂದು ಬೆಲೆ ತೋರಿಸಿ ಕೊನೇ ಪುಟದಲ್ಲಿ ಫೀಸು ಫೀಸು ಅಂತ ಪೇರಿಸಿದರು. ಹೋಲಿಸುವಾಗ ಎಲ್ಲ ಸೇರಿ ಎಷ್ಟು ಅನ್ನುವುದನ್ನು ಮಾತ್ರ ಹೋಲಿಸಿ.

ಮತ್ತೆ, ಐದೂ ಟಿಕೆಟ್ ಒಬ್ಬರ ಫೋನಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮವರು ಅತ್ತೆಯನ್ನು ನಿಧಾನವಾಗಿ ಕರೆತರುವಷ್ಟರಲ್ಲಿ ನೀವು ಮಗನ ಜೊತೆ ಒಳಗೆ ಹೋಗಬೇಕಾಗಬಹುದು.

ಹಾಸನದ ಸೊಸೆ

ನಾವು ಆರು ಜನ 😀 ನಮ್ಮವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇರಲಿ. ಈಗ ಮಾವನ ವಿಷಯ ಯಾರಾದರೂ ಹೇಳಿ.

ಟೆಸ್ಟ್ ಮ್ಯಾಚ್ ರಾಯರು

ಇದಕ್ಕೇ ಕಾಯುತ್ತಿದ್ದೆ. ನಾನೂ ಆ ಜಾತಿಯವನೇ. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೋಡಿ ಬೆಳೆದವರಿಗೆ ಈ ಆಟ ಮೊದಲು ನೋಡಿದಾಗ ಇದೇನು ಗಿಲ್ಲಿದಾಂಡು ಅನ್ನಿಸುತ್ತದೆ. ಸುಳ್ಳಲ್ಲ. ಆದರೆ ನಿಮ್ಮ ಮಾವನವರಿಗೆ "ಇದು ಅಮೆರಿಕದ ಕ್ರಿಕೆಟ್" ಅಂತ ಮಾತ್ರ ಹೇಳಬೇಡಿ. ಹಾಗಂದ ಕೂಡಲೇ ಅವರು ಇಲ್ಲದ್ದನ್ನು ಹುಡುಕುತ್ತಾರೆ. ಪಿಚ್ ಎಲ್ಲಿ, ಸ್ಪಿನ್ ಎಲ್ಲಿ, ಡ್ರೈವ್ ಎಲ್ಲಿ?

ಅವರಿಗೆ ಹೀಗೆ ಹೇಳಿ. ಒಂದು ತಂಡಕ್ಕೆ ಇರುವುದು ಒಟ್ಟು 27 ವಿಕೆಟ್. ಇನಿಂಗ್ಸ್‌ಗೆ ಮೂರರಂತೆ ಒಂಬತ್ತು ಇನಿಂಗ್ಸ್. ಬ್ಯಾಟಿಂಗ್ ಸುಲಭ ಅಲ್ಲ, ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ತಂದವನು ಇಲ್ಲಿ ದೊಡ್ಡ ಆಟಗಾರ. ಯಾಕೆಂದರೆ ಬ್ಯಾಟು ದುಂಡಗೆ, ಚೆಂಡು ನೆಲಕ್ಕೆ ಬೀಳದೆ ಬರುತ್ತದೆ, ತೊಂಬತ್ತು ಮೈಲಿ ದಾಟಿ. ಮೈದಾನ ಇಡೀ ಸುತ್ತು ಅಲ್ಲ. ಕ್ರಿಕೆಟ್‌ನಲ್ಲಿ ಹಿಂದಕ್ಕೆ ಹೊಡೆದರೆ ಲೇಟ್ ಕಟ್, ಇಲ್ಲಿ ಫೌಲ್. ಹಾಗಾಗಿ ಇಲ್ಲಿ ಆಟದ ಜೀವ ಇರುವುದು ಎಸೆಯುವವನ ಕೈಯಲ್ಲಿ. ಅಂದರೆ ಬೌಲಿಂಗ್ ನೋಡಲು ಇಷ್ಟಪಡುವವರಿಗೆ ಇದು ಹಬ್ಬ. ಪ್ರಸನ್ನ ಬೌಲಿಂಗ್ ಮಾಡುವಾಗ ಬ್ಯಾಟ್ಸ್‌ಮನ್ ತಲೆಯಲ್ಲಿ ಏನು ಓಡುತ್ತಿದೆ ಅಂತ ನಾವು ಊಹೆ ಮಾಡುತ್ತಿದ್ದೆವಲ್ಲ, ಅದೇ ಊಹೆ ಇಲ್ಲಿ ಪ್ರತಿ ಎಸೆತಕ್ಕೂ. ಎರಡು ಸ್ಟ್ರೈಕ್ ಆಗಿದೆ (ಮೂರಾದರೆ ಔಟ್), ಈಗ ಇವನು ವೇಗವಾಗಿ ಹಾಕುತ್ತಾನಾ, ನಿಧಾನ ಮಾಡುತ್ತಾನಾ, ಸ್ಟ್ರೈಕ್ ಲೆಕ್ಕಕ್ಕೆ ಬರುವ ಚೌಕದ ಹೊರಗೆ ಹಾಕಿ ಆಸೆ ತೋರಿಸುತ್ತಾನಾ? ಇದೊಂದು ಹಿಡಿತಕ್ಕೆ ಸಿಕ್ಕರೆ ಸಾಕು, ಮಿಕ್ಕ ನಿಯಮ ಮೊಮ್ಮಗ ಹೇಳುತ್ತಾನೆ.

ಮೊದಲು ಬ್ಯಾಟ್ ಮಾಡುವವರು ಯಾವಾಗಲೂ ಪರವೂರಿನವರು, ಟಾಸ್ ಇಲ್ಲ. ಒಂಬತ್ತನೇ ಇನಿಂಗ್ಸ್ ಮೊದಲರ್ಧ ಮುಗಿದಾಗ ತವರಿನವರು ಮುಂದಿದ್ದರೆ ಉಳಿದರ್ಧ ಆಡುವುದೇ ಇಲ್ಲ. ಡ್ರಾ ಅನ್ನುವುದಂತೂ ಇಲ್ಲ, ಅದೊಂದು ನನಗೆ ಇವತ್ತಿಗೂ ಬೇಜಾರು.

ಇನ್ನೊಂದು ಹೇಳಿ ಅವರಿಗೆ. ಎರಡು ದೇಶಗಳ ನಡುವಿನ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು ಅಮೆರಿಕದಲ್ಲಿ. 1844, ನ್ಯೂಯಾರ್ಕ್, ಅಮೆರಿಕ ಮತ್ತು ಕೆನಡಾ. ಶಾನುಭೋಗರು ಹೇಳಿದ 1869ರ ಸಿನ್ಸಿನಾಟಿ ತಂಡ ಕಟ್ಟಿದ ಹ್ಯಾರಿ ರೈಟ್ ಕೂಡ ಮೂಲದಲ್ಲಿ ಕ್ರಿಕೆಟಿಗ. ಇಷ್ಟು ಗೊತ್ತಾದರೆ ಹಿರಿಯರಿಗೆ ಸ್ವಲ್ಪ ಸಮಾಧಾನ ಇರುತ್ತದೆ.

ಬಯಲುಸೀಮೆ ಭಟ್ಟ

ರಾಯರೇ, ಇಷ್ಟೆಲ್ಲ ಮೊದಲೇ ಹೇಳಿದರೆ ಮಾವನವರು ವೀಸಾ ಕ್ಯಾನ್ಸಲ್ ಮಾಡಿಸುತ್ತಾರೆ. ಹುಡುಗ ಹೇಳಲಿ ಬಿಡಿ. ತಾತನಿಗೆ ಪಾಠ ಮಾಡುವ ಅವಕಾಶ ಮೊಮ್ಮಗನಿಗೆ ಎಷ್ಟು ಸಲ ಸಿಗುತ್ತದೆ?

ಟೆಸ್ಟ್ ಮ್ಯಾಚ್ ರಾಯರು

ಒಪ್ಪಿದೆ. ಹಾಗಾದರೆ ಒಂದು ಸ್ಕೋರ್ ಹಾಳೆ, ಎರಡು ಪೆನ್ಸಿಲ್ ಕೊಡಿ. ಕೈಯಲ್ಲಿ ಸ್ಕೋರ್ ಬರೆಯುವ ಪದ್ಧತಿ ಇಲ್ಲಿ ಇನ್ನೂ ಇದೆ. ಪ್ರತಿ ಫೀಲ್ಡರ್‌ಗೂ ಒಂದು ನಂಬರ್, ಎಸೆಯುವವನು 1, ಕೀಪರ್ 2 ಹೀಗೆ. ಬೇಸ್ ಅಂದರೆ ಓಡುವವನು ಮುಟ್ಟಬೇಕಾದ ಠಾಣೆ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವನು, ನಂಬರ್ 6) ಹಿಡಿದು ಮೊದಲ ಬೇಸ್‌ನವನಿಗೆ (ನಂಬರ್ 3) ಎಸೆದು ಔಟ್ ಮಾಡಿದರೆ 6-3 ಅಂತ ಬರೆಯಬೇಕು. ಇಲಾಖೆಯಲ್ಲಿ ಅಳತೆ ಪುಸ್ತಕ ಬರೆದವರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಆಕಳಿಸಲು ಪುರುಸೊತ್ತೇ ಇರುವುದಿಲ್ಲ.

ಈಗ ಮ್ಯಾಚ್ ಬೇಗ ಮುಗಿಯುತ್ತದೆ ಕೂಡ. 2023ರಿಂದ ಎಸೆಯುವವನಿಗೆ ಗಡಿಯಾರ ಇಟ್ಟಿದ್ದಾರೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು, ಯಾರಾದರೂ ಬೇಸ್ ಮೇಲಿದ್ದರೆ ಈಗ 18. ಮೊದಲು ಮೂರು ಗಂಟೆ ದಾಟುತ್ತಿತ್ತು, ಈಗ ಎರಡೂ ಮುಕ್ಕಾಲು ಗಂಟೆ ಒಳಗೆ ಮುಗಿಯುವುದೇ ಹೆಚ್ಚು.

ಮೂರನೇ ಬೇಸ್ ಮಾಲಿನಿ

ರಿಗ್ಲಿಯಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು ನಡುಗೋಡೆ ಮೇಲಿನ ದೊಡ್ಡ ಹಸಿರು ಸ್ಕೋರ್‌ಬೋರ್ಡ್. 1937ರದ್ದು. ಇವತ್ತಿಗೂ ಒಳಗೆ ಜನ ಕೂತು ಕೈಯಿಂದ ನಂಬರ್ ತಗಡು ಬದಲಾಯಿಸುತ್ತಾರೆ. ಸುಮ್ನೆ ಅದನ್ನೇ ನೋಡುತ್ತಿದ್ದರೆ ಒಂದು ಚೌಕ ಖಾಲಿಯಾಗುತ್ತದೆ, ಕಿಂಡಿಯಲ್ಲಿ ಕೈಯೋ ಮುಖವೋ ಕಂಡ ಹಾಗಾಗುತ್ತದೆ, ಆಮೇಲೆ ಹೊಸ ಅಂಕಿ ಬಂದು ಕೂರುತ್ತದೆ. ನಮ್ಮ ಮಗಳು ಮ್ಯಾಚ್ ಬಿಟ್ಟು ಅದನ್ನೇ ನೋಡುತ್ತಿದ್ದಳು.

ಗೋಡೆ ಮೇಲಿನ ಐವಿ ಕೂಡ ಅದೇ 1937ರದ್ದು. ಚೆಂಡು ಹೋಗಿ ಎಲೆಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಹುಡುಕುವುದಿಲ್ಲ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ, ಅಂಪೈರ್ ಎರಡು ಬೇಸ್ ಕೊಡುತ್ತಾನೆ. ಕೈ ಎತ್ತದೆ ಎಲೆಯೊಳಗೆ ತಡಕಾಡಲು ಹೋದರೆ ಆಟ ಮುಂದುವರಿದಂತೆ, ಹೊಡೆದವನು ಓಡುತ್ತಲೇ ಇರುತ್ತಾನೆ. ಮಾವನವರಿಗೆ ಈ ನಿಯಮ ಖಂಡಿತ ಹಿಡಿಸುತ್ತದೆ.

ಗೆದ್ದರೆ ಸ್ಕೋರ್‌ಬೋರ್ಡ್ ಮೇಲೆ ಡಬ್ಲ್ಯು ಅಂತ ಬರೆದ ಬಿಳಿ ಬಾವುಟ ಏರಿಸುತ್ತಾರೆ. ಏಳನೇ ಇನಿಂಗ್ಸ್ ನಡುವೆ ಇಡೀ ಮೈದಾನ ಎದ್ದು ನಿಂತು ಹಾಡುತ್ತದೆ, ಅತ್ತೆ ಆಗ ಬಾತ್‌ರೂಮ್ ಸಾಲಲ್ಲಿ ಇರದಂತೆ ನೋಡಿಕೊಳ್ಳಿ. ಮೊದಲ ಸಲ ಬಂದವರಿಗೆ ಸರ್ಟಿಫಿಕೇಟ್ ಕೊಡುತ್ತಾರೆ, ಫ್ಯಾನ್ ಸರ್ವಿಸಸ್ ಹತ್ತಿರ ಕೇಳಿ, ದುಡ್ಡಿಲ್ಲ. ತಾತ ಅಜ್ಜಿ ಹೆಸರು ಬರೆಸಿ.

ಪುಳಿಯೋಗರೆ ಪದ್ದಿ

ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ! ಮೈದಾನದೊಳಗೆ ನಮ್ಮವರು ತಿನ್ನುವಂಥದ್ದು ಕಡಲೆಕಾಯಿ, ಪಾಪ್‌ಕಾರ್ನ್, ಪ್ರೆಟ್ಜೆಲ್, ಫ್ರೈಸ್. ಮಕ್ಕಳಿಗೆ ಸಾಕು, ಅತ್ತೆಗೆ ಸಾಲದು. ಒಳ್ಳೆ ಸುದ್ದಿ ಏನಂದರೆ ರಿಗ್ಲಿಯಲ್ಲಿ ಹೊರಗಿನ ತಿಂಡಿ ಬಿಡುತ್ತಾರೆ. ಒಬ್ಬರು ತಿನ್ನುವಷ್ಟು ಸಣ್ಣ ಸಣ್ಣ ಡಬ್ಬಿ ಮಾಡಿ. ಪುಳಿಯೋಗರೆ ಒಳ್ಳೆಯದು, ಇಂಗು ಹಾಕಿದರೆ ಅತ್ತೆಗೂ ನಡೆಯುತ್ತದೆ. ಮೊಸರನ್ನ ಬೇಡ, ಬಿಸಿಲಲ್ಲಿ ಹುಳಿ ಬರುತ್ತದೆ. ಕೋಡುಬಳೆ, ಚಕ್ಕುಲಿ ಎಷ್ಟಿದ್ದರೂ ಖಾಲಿ.

ಸ್ಟೀಲ್ ನೀರಿನ ಬಾಟಲಿ, ಫ್ಲಾಸ್ಕ್, ಗಾಜು, ಕ್ಯಾನ್ ಯಾವುದೂ ಬಿಡುವುದಿಲ್ಲ. ಅತ್ತೆಯರು ಸ್ಟೀಲ್ ಬಾಟಲಿ ಬಿಟ್ಟು ಕದಲುವುದಿಲ್ಲ ಅಂತ ಗೊತ್ತು, ಹೋಟೆಲಲ್ಲೇ ಇಡಿಸಿ. ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಿರಿ. ಬ್ಯಾಗಿನ ಅಳತೆಗೂ ಮಿತಿ ಇದೆ, ಆಗಾಗ ಬದಲಾಗುತ್ತದೆ, ಹಿಂದಿನ ದಿನ ಅವರ ಸೈಟಲ್ಲಿ ಓದಿಕೊಂಡು ಹೋಗಿ. ಬಿಪಿ ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದೀರಿ ತಾನೇ?

ಹಾಸನದ ಸೊಸೆ

ಇನ್ಶೂರೆನ್ಸ್ ಆಗಿದೆ ಅಕ್ಕ. ಸ್ಟೀಲ್ ಬಾಟಲಿ ವಿಷಯ ಓದಿ ನಮ್ಮವರು ಬಿದ್ದು ಬಿದ್ದು ನಕ್ಕರು. ಕಾರು ಎಲ್ಲಿ ನಿಲ್ಲಿಸುವುದು?

ಕ್ಲಾರ್ಕ್ ಸ್ಟ್ರೀಟ್ ಕನ್ನಡಿಗ

ಕಾರಲ್ಲಿ ಮೈದಾನದ ಹತ್ತಿರ ಬರಲೇಬೇಡಿ. ಸುತ್ತ ಮನೆಗಳು, ಬೀದಿಯಲ್ಲಿ ನಿಲ್ಲಿಸಲು ಅಲ್ಲಿನವರಿಗೇ ಪರ್ಮಿಟ್ ಬೇಕು, ಖಾಸಗಿ ಜಾಗದಲ್ಲಿ ಮ್ಯಾಚ್ ದಿನ ಕೇಳಿದಷ್ಟು ಕೊಡಬೇಕು. ನೀವು ಚಿಕಾಗೋದ ಉತ್ತರದ ಉಪನಗರ ಸ್ಕೋಕಿ ಕಡೆ ಹೋಟೆಲ್ ಹಿಡಿದರೆ ಡೆಂಪ್‌ಸ್ಟರ್ ನಿಲ್ದಾಣದಿಂದ ಯೆಲ್ಲೋ ಲೈನ್ ರೈಲು, ಹೋವರ್ಡ್‌ನಲ್ಲಿ ಇಳಿದು ರೆಡ್ ಲೈನ್, ಆಡಿಸನ್‌ನಲ್ಲಿ ಇಳಿದರೆ ಮೈದಾನ ಕಣ್ಣೆದುರೇ. ಹೋವರ್ಡ್ ಆ ರೈಲಿನ ಕೊನೇ ನಿಲ್ದಾಣ, ಅಲ್ಲಿಂದಲೇ ಹೊರಡುವುದರಿಂದ ಅತ್ತೆಗೆ ಸೀಟು ಸಿಗುತ್ತದೆ. ಇದು ಮುಖ್ಯ.

ಎಚ್ಚರ: ಆಡಿಸನ್ ಹೆಸರಿನ ನಿಲ್ದಾಣ ರೆಡ್ ಲೈನಲ್ಲೂ ಇದೆ, ಬ್ರೌನ್ ಲೈನಲ್ಲೂ ಇದೆ, ಬ್ಲೂ ಲೈನಲ್ಲೂ ಇದೆ. ಒಂದೇ ರಸ್ತೆಯ ಹೆಸರು. ಬ್ಲೂ ಲೈನಿನ ಆಡಿಸನ್‌ನಲ್ಲಿ ಇಳಿದರೆ ಮೈದಾನ ಮೈಲಿಗಟ್ಟಲೆ ದೂರ, 152 ನಂಬರ್ ಬಸ್ ಹತ್ತಬೇಕು. ಮ್ಯಾಚ್ ಮುಗಿದ ತಕ್ಷಣ ನಿಲ್ದಾಣಕ್ಕೆ ಓಡಬೇಡಿ, ನಲವತ್ತು ಸಾವಿರ ಜನ ಅದೇ ಮೆಟ್ಟಿಲು ಹತ್ತುತ್ತಾರೆ. ಅರ್ಧ ಗಂಟೆ ಪಕ್ಕದ ಗಾಲಾಘರ್ ವೇ ಅಂಗಳದಲ್ಲಿ ಕೂತಿರಿ.

ಡೆವಾನ್ ದೋಸೆ

ಉಳಿದ ದಿನಗಳ ಪಟ್ಟಿ ನೋಡಿದರೆ ನನಗೇ ಕಾಲು ನೋವು ಬಂತು. ಶನಿವಾರ ಒಂದೇ ದಿನ ನಾಲ್ಕು ಜಾಗ! ಶೆಡ್, ಫೀಲ್ಡ್ ಎರಡರಲ್ಲಿ ಒಂದು ಬಿಡಿ. ಫೀಲ್ಡ್‌ನಲ್ಲಿ ಸೂ ಅನ್ನುವ ಟಿ. ರೆಕ್ಸ್ ಅಸ್ಥಿಪಂಜರ ಇದೆ ನಿಜ, ಆದರೆ ನಾಲ್ಕು ವರ್ಷದವಳಿಗೆ ಮೀನೇ ಸರಿ. ಅಥವಾ ಎರಡೂ ಬಿಟ್ಟು ಲಿಂಕನ್ ಪಾರ್ಕ್ ಝೂ, ಪ್ರವೇಶ ಉಚಿತ, ಸುಸ್ತಾದಾಗ ಎದ್ದು ಬರಬಹುದು. ವಿಲಿಸ್ ಟವರ್ ಬಗ್ಗೆ ಜನರಿಗೆ ಅದೇನು ಮೋಹವೋ. ಸಾಲು ಉದ್ದ, 103ನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲುವುದು ಅರೆಗಳಿಗೆ. ಅತ್ತೆ ಅದರ ಮೇಲೆ ಕಾಲಿಡುವುದೂ ಇಲ್ಲ.

ಬೋಟ್ ಟೂರ್ ಬಿಡಬೇಡಿ. ಒಂದೂವರೆ ಗಂಟೆ ಕೂತಲ್ಲೇ ಊರು ನೋಡಬಹುದು, ಮೊಣಕಾಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನೀರಾವರಿ ಇಂಜಿನಿಯರ್‌ಗೆ ಅಂತೂ ಹೇಳಿ ಮಾಡಿಸಿದ್ದು. ಆ ನದಿ ಮೊದಲು ಮಿಷಿಗನ್ ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳಚೆಯೆಲ್ಲ ಕುಡಿಯುವ ನೀರಿಗೇ ಸೇರುತ್ತಿತ್ತು. ದೊಡ್ಡ ಕಾಲುವೆ ತೋಡಿ 1900ರಲ್ಲಿ ನದಿಯನ್ನೇ ಹಿಂದಕ್ಕೆ ತಿರುಗಿಸಿದರು. ಈಗ ಸರೋವರದಿಂದ ಹೊರಟು ಮಿಸ್ಸಿಸಿಪ್ಪಿ ಕಡೆ ಹೋಗುತ್ತದೆ. ನದಿ ಬಾಯಲ್ಲಿ ಲಾಕ್ (ಎರಡೂ ಕಡೆ ಬಾಗಿಲಿದ್ದು ದೋಣಿಯನ್ನು ಏರಿಸಿ ಇಳಿಸುವ ನೀರಿನ ಕೊಠಡಿ) ಇದೆ, ಕೆಲವು ಬೋಟುಗಳು ಅದರೊಳಗೆ ನಿಂತು ನೀರು ಏರುವವರೆಗೆ ಕಾದು ಸರೋವರಕ್ಕೆ ಹೋಗುತ್ತವೆ. ಅಂಥ ಟೂರ್ ಯಾವುದು ಅಂತ ಕೇಳಿ ಟಿಕೆಟ್ ತೆಗೆಯಿರಿ.

ಸಿನ್ಸಿನಾಟಿ ಶಾನುಭೋಗ

ನನ್ನ ಸೇತುವೆಗೆ ಪೈಪೋಟಿ ಕೊಟ್ಟಿರಿ. ಇರಲಿ, ಇದು ನಿಜಕ್ಕೂ ದೊಡ್ಡ ಕೆಲಸ.

ಪುಳಿಯೋಗರೆ ಪದ್ದಿ

ಆರ್ಟ್ ಇನ್‌ಸ್ಟಿಟ್ಯೂಟ್ ಮರೆತಿರಾ? ವಿವೇಕಾನಂದರು 1893ರ ಸೆಪ್ಟೆಂಬರ್ 11ಕ್ಕೆ ಮಾತಾಡಿದ್ದು ಆ ಕಟ್ಟಡದಲ್ಲೇ. ಆ ಸಭಾಂಗಣ ಈಗ ಇಲ್ಲ, ಕಟ್ಟಡ ಇದೆ. ಎದುರಿನ ಮಿಷಿಗನ್ ಅವೆನ್ಯೂನಲ್ಲಿ ಅವರ ಹೆಸರಿನ ಫಲಕವೂ ಇದೆ. ಬೀನ್ ಇರುವುದು ಪಕ್ಕದಲ್ಲೇ. ಮಾವ ಅತ್ತೆ ಊರಿಗೆ ಹೋದ ಮೇಲೆ ಹತ್ತು ಜನಕ್ಕೆ ಹೇಳುವುದು ಇದನ್ನೇ, ಬರೆದಿಟ್ಟುಕೊಳ್ಳಿ. 14 ವರ್ಷದೊಳಗಿನ ಮಕ್ಕಳಿಗೆ ಒಳಗೆ ಉಚಿತ.

ಹಾಸನದ ಸೊಸೆ

ಮಾವನಿಗೆ ನದಿ ಕಥೆ ಫೋನಲ್ಲಿ ಹೇಳಿದೆ. "ಇಳಿಜಾರು ಎಷ್ಟು ಕೊಟ್ಟಿದ್ದಾರೆ ಕೇಳಮ್ಮ" ಅಂದರು! ಯಾರನ್ನು ಕೇಳಲಿ?

ಎಲ್ಲರ ಮಾತು ಕೇಳಿ ಬದಲಾಯಿಸಿದ್ದು ಇದು. ಮೇ ಕೊನೆಗೆ ವಿಕ್ಟರಿ ಫೀಲ್ಡ್‌ನಲ್ಲಿ ಕಂಬಳಿ ಹಾಸಿ ಒಂದು ಸಂಜೆ. ಜೂನ್ ಮಧ್ಯ ಕಬ್ಸ್ ತವರಲ್ಲಿರುವ ವಾರಾಂತ್ಯ. ಗುರುವಾರ ಹೊರಟು ದಾರಿಯಲ್ಲಿ ಫೇರ್ ಓಕ್ಸ್ ಫಾರ್ಮ್ಸ್ ಅನ್ನುವ ಹಸು ಸಾಕಣೆ ಫಾರ್ಮ್, ಮಗಳಿಗೆ ಕರು ಹುಟ್ಟುವುದು ನೋಡಬೇಕಂತೆ. ರಾತ್ರಿ ಸ್ಕೋಕಿ. ಶುಕ್ರವಾರ ಮ್ಯಾಚ್, ಬೇರೆ ಏನೂ ಇಲ್ಲ. ಶನಿವಾರ ಬೋಟ್, ಬೀನ್, ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ಗಂಟೆ, ಸಂಜೆ ಡೆವಾನ್. ಭಾನುವಾರ ಲೆಮಾಂಟ್ ದೇವಸ್ಥಾನ, ಮನೆ. ಅಕ್ವೇರಿಯಂ, ಟವರ್ ಎರಡೂ ಬಿಟ್ಟೆ. ನಮ್ಮವರಿಗೆ ಟವರ್ ಹೋಯಿತು ಅಂತ ಸ್ವಲ್ಪ ಮುಖ ಸಣ್ಣದಾಗಿದೆ.

ಬಯಲುಸೀಮೆ ಭಟ್ಟ

ಈಗ ಚೆನ್ನಾಗಿದೆ. ಹೋಗುವಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಬರುವಾಗ ಆ ಗಂಟೆ ಕಳೆದುಕೊಳ್ಳುತ್ತೀರಿ. ಭಾನುವಾರ ಲೆಮಾಂಟ್‌ನಿಂದ ಮಧ್ಯಾಹ್ನವೇ ಹೊರಡಿ, ಸೋಮವಾರ ಆಫೀಸ್ ಇದೆಯಲ್ಲ.

ಮೂರನೇ ಬೇಸ್ ಮಾಲಿನಿ

ಶುಕ್ರವಾರ ಇಟ್ಟಿದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ಜೂನ್‌ನಲ್ಲಿ ಗುಡುಗು ಮಳೆ ಯಾವಾಗ ಬೇಕಾದರೂ ಬರುತ್ತದೆ. ಮ್ಯಾಚ್ ಮುಂದೂಡಿದರೆ ಬಹಳ ಸಲ ಅದೇ ಎರಡು ತಂಡ ಊರಲ್ಲಿರುವಾಗಲೇ, ಮರುದಿನ ಎರಡು ಮ್ಯಾಚ್ ಮಾಡಿ ಮುಗಿಸಲು ನೋಡುತ್ತಾರೆ. ನೀವು ಶನಿವಾರವೂ ಅಲ್ಲೇ ಇರುತ್ತೀರಿ. ಭಾನುವಾರದ ಮ್ಯಾಚಿಗೆ ಟಿಕೆಟ್ ತೆಗೆದಿದ್ದರೆ, ಅದು ಮುಂದೆ ಎಂದೋ ನಡೆದಾಗ ನೀವು ಇಂಡಿಯಾನಾದಲ್ಲಿರುತ್ತಿದ್ದಿರಿ. ಶನಿವಾರದ ಬೋಟ್ ಟಿಕೆಟ್ ಮಾತ್ರ ದಿನ ಬದಲಾಯಿಸಲು ಬರುವಂಥದ್ದು ತೆಗೆದುಕೊಳ್ಳಿ. ಸರೋವರದ ಕಡೆಯಿಂದ ಗಾಳಿ ಬೀಸಿದರೆ ಜೂನ್‌ನಲ್ಲೂ ನೆರಳಲ್ಲಿ ಚಳಿ, ಅತ್ತೆಗೆ ಸ್ವೆಟರ್ ಇರಲಿ.

ಹಾಸನದ ಸೊಸೆ

ಸ್ವೆಟರ್ ಎರಡು ತರುತ್ತಿದ್ದಾರಂತೆ. 200ರ ಸೀಟು ಆರು ಬುಕ್ ಮಾಡಿದೆ, ಸಾಲಿನ ತುದಿ, ಕಂಬ ಇಲ್ಲ ಅಂತ ಫೋಟೋ ನೋಡಿ ಖಾತ್ರಿ ಮಾಡಿಕೊಂಡೆ. ಮಗ ಆಗಲೇ ತಾತನಿಗೆ ಸ್ಕೋರ್ ಹಾಳೆಯ ಪಿಡಿಎಫ್ ವಾಟ್ಸಾಪ್ ಮಾಡಿದ್ದಾನೆ.

ಟೆಸ್ಟ್ ಮ್ಯಾಚ್ ರಾಯರು

ಪ್ರಿಂಟ್ ತೆಗೆಸಿ ದಪ್ಪ ರಟ್ಟಿನ ಮೇಲೆ ಕ್ಲಿಪ್ ಹಾಕಿ ಕೊಡಿ, ತೊಡೆ ಮೇಲೆ ಬರೆಯಲು ಬರುವುದಿಲ್ಲ. ರಬ್ಬರ್ ಕೂಡ.